ಕುಸುರೆಳ್ಳಿನ ಪೆಟ್ಟಿಗೆ

ಪೆಟ್ಟಿಗೆಯನ್ನು ಮಿರಜಿನಿಂದ ತಂದವನು ನನ್ನ ತಮ್ಮ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಬ್ಬ ಬಡಗಿ ಕೂಡುವ ಮಣೆ, ಲಟ್ಟಣಿಗೆ, ಮಕ್ಕಳು ನಡೆಯಲು ಕಲಿಯುವ ಮೂರು ಗಾಲಿಯ ಗಾಡಿ ಮಾಡಿ ಮಾರುತ್ತಾನೆ. ತಮ್ಮ ಅವನ ಅಂಗಡಿಯ ಮುಂದೆ ಬಹಳ ಹೊತ್ತು ನಿಂತು ಆ ಗಾಡಿಗಳನ್ನೇ ನೋಡಿದನಂತೆ. ಅದಕ್ಕಿನ್ನೂ ಕಾಲವಿದೆ ಅಂದುಕೊಂಡು ಕೊನೆಗೆ ಒಂದು ಸಾಗವಾನಿ ಪೆಟ್ಟಿಗೆ ತೆಗೆದುಕೊಂಡು ಬಂದ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಮುಂದೆ ಹಿತ್ತಾಳೆಯ ಸಣ್ಣ ಕೊಂಡಿ. ಬಣ್ಣವಿರಲಿಲ್ಲ. ಮುಚ್ಚಳ ತೆರೆದರೆ ಹೊಸ ಕಟ್ಟಿಗೆಯ ವಾಸನೆ.

“ಅಕ್ಕಾ, ಆಕಿ ಹೇಳಿ ಕಳಿಸ್ಯಾಳ. ಇದಕ್ಕ ನೀನ ಬಣ್ಣ ಹಚ್ಚಬೇಕಂತ,” ಅಂದ.

ಆಕಿ ಅಂದರೆ ಅವನ ಹೆಂಡತಿ. ಅವಳು ಆಗ ಮಿರಜಿನ ಆಸ್ಪತ್ರೆಯಲ್ಲಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಅವಳ ಮಗಳು ಅದೇ ಆಸ್ಪತ್ರೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇದ್ದಳು.

ನಮ್ಮದು ಸಾಂಗ್ಲಿಯ ಪೇಟೆಯಲ್ಲಿ ಅರಿಶಿಣ, ಬೆಲ್ಲ, ಒಣಕೊಬ್ಬರಿಯ ಅಂಗಡಿ. ಮುತ್ತಜ್ಜ ಅಥಣಿ ಕಡೆಯಿಂದ ಬಂದು ಹಾಕಿದ್ದು. ಅಂಗಡಿಯಲ್ಲಿ ಮರಾಠಿ, ಹಿಂದಿನ ಮನೆಯಲ್ಲಿ ಕನ್ನಡ. ಅಪ್ಪ ಅವ್ವ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ನಾವು ಮೂವರು. ನಾನು ಮದುವೆಯಾಗಲಿಲ್ಲ, ಯಾಕೆ ಎಂಬುದು ಬೇರೆ ಕಥೆ, ಇಲ್ಲಿ ಬೇಡ. ಮರಾಠಿ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಪ್ರತಿ ವರ್ಷ ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ರಜೆ ಹತ್ತಿರ ಬಂದಾಗ ಮಕ್ಕಳಿಂದ ರಟ್ಟಿನ ಡಬ್ಬಿಗಳಿಗೆ ಬಣ್ಣ ಹಚ್ಚಿಸುತ್ತೇನೆ. ಸಂಕ್ರಾಂತಿಗೆ ಅವರು ಅದರಲ್ಲಿ ಎಳ್ಳುಬೆಲ್ಲದ ತಿಳಗೂಳ ತುಂಬಿ ಮನೆಮನೆಗೆ ಹಂಚುತ್ತಾರೆ. ಮಕ್ಕಳ ಜೊತೆ ಒಂದೆರಡನ್ನು ನಾನೂ ಮಾಡಿ ಮನೆಗೆ ತರುತ್ತಿದ್ದೆ. ತಮ್ಮನ ಹೆಂಡತಿ ಅವನ್ನೆಲ್ಲ ಕಪಾಟಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಳು. ಒಂದನ್ನೂ ಎಸೆಯಲು ಬಿಡುತ್ತಿರಲಿಲ್ಲ.

ಅವಳು ಸಮಡೋಳಿಯ ಹುಡುಗಿ. ತವರಿನಲ್ಲಿ ಹಿರಿಯರು ಕನ್ನಡದವರೇ, ಆದರೆ ಅವಳು ಓದಿದ್ದು, ಆಡಿದ್ದು, ಜಗಳಾಡಿದ್ದು ಎಲ್ಲ ಮರಾಠಿಯಲ್ಲಿ. ನಾನು ಆಡುವ ಕನ್ನಡ ಪೂರಾ ತಿಳಿಯುತ್ತಿತ್ತು, ಉತ್ತರ ಮಾತ್ರ ಅರ್ಧಮರ್ಧ. ನನ್ನನ್ನು ಅಕ್ಕಾರ ಎಂದು ಕರೆಯುತ್ತಾಳೆ. ಮದುವೆಯಾಗಿ ಬಹಳ ವರ್ಷ ಅವರಿಗೆ ಮಕ್ಕಳಾಗಲಿಲ್ಲ. ಎರಡು ಸಲ ನಿಂತು, ಎರಡೂ ಸಲ ಹೋಯಿತು. ಮೂರನೆಯ ಸಲ ಡಾಕ್ಟರು ಅವಳನ್ನು ಹಾಸಿಗೆ ಬಿಟ್ಟು ಏಳಗೊಡಲಿಲ್ಲ. ನಾನು ಶಾಲೆಯಿಂದ ಬಂದು ಅಡುಗೆ ಮಾಡುತ್ತಿದ್ದೆ, ತಮ್ಮ ಅಂಗಡಿ ಬೇಗ ಮುಚ್ಚಿ ಬಂದು ಅವಳ ಕಾಲು ಒತ್ತುತ್ತಿದ್ದ. ಅಷ್ಟೆಲ್ಲ ಮಾಡಿದರೂ ದೀಪಾವಳಿ ಮುಗಿದ ಕೆಲವೇ ದಿನಕ್ಕೆ ನೋವು ಬಂತು. ಹುಟ್ಟಿದ ಮಗುವನ್ನು ನಾನು ಮೊದಲು ನೋಡಿದ್ದು ಗಾಜಿನ ಈಚೆಯಿಂದ. ನನ್ನ ಅಂಗೈಯಲ್ಲಿ ಹಿಡಿಸುವಷ್ಟು ಇದ್ದಳು. ಎದೆ ಏರಿ ಇಳಿಯುವುದು ಗುಬ್ಬಿಮರಿಯ ಹಾಗೆ.

ಮಾರನೆಯ ದಿನ ಶಾಲೆ ಬಿಟ್ಟ ಕೂಡಲೇ ಮಿರಜಿನ ಬಸ್ಸು ಹಿಡಿದೆ. ಆಸ್ಪತ್ರೆಯ ಪಡಸಾಲೆಯಲ್ಲಿ ನಾತಾಳಕ್ಕೆಂದು ಕಾಗದದ ನಕ್ಷತ್ರಗಳನ್ನು ಕಟ್ಟುತ್ತಿದ್ದರು. ಅವಳು ಬೆಂಚಿನ ಮೇಲೆ ಕುಳಿತು ಅದನ್ನು ನೋಡುತ್ತಿದ್ದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ನಗು.

“ಅಕ್ಕಾರ, ಬಾಳ ಇವತ್ತ ನನ್ನ ಬೆರಳ ಹಿಡಿದ್ಲರಿ,” ಅಂದಳು. ಮಗುವಿಗೆ ಅವಳು ಮರಾಠಿಯ ಬಾಳ ಎಂದೇ ಹೇಳುತ್ತಿದ್ದಳು. “ಸಿಸ್ಟರ್ ಹೇಳಿದ್ರು, ಸಂಕ್ರಾಂತಿಗೆ ಮನೀಗೆ ಹೋಗಬಹುದಂತ. ಮೊದಲನೇ ಸಂಕ್ರಾಂತಿ ಅಲ್ಲೇನ್ರಿ? ಬೋರನ್ಹಾಣ ಮಾಡೂಣು.”

ಬೋರನ್ಹಾಣ ಮರಾಠಿಯವರಿಂದ ನಮ್ಮ ಮನೆಗಳಿಗೆ ಬಂದ ಪದ್ಧತಿ. ಮೊದಲ ಸಂಕ್ರಾಂತಿಗೆ ಕೂಸಿಗೆ ಕರಿ ಬಟ್ಟೆ ತೊಡಿಸಿ, ಎಳ್ಳಿಗೆ ಸಕ್ಕರೆ ಪಾಕ ಕಟ್ಟಿ ಮಾಡಿದ ಕುಸುರೆಳ್ಳಿನ ಆಭರಣ ಹಾಕಿ, ಮಣೆಯ ಮೇಲೆ ಕೂಡಿಸಿ, ತಲೆಯ ಮೇಲಿಂದ ಬೋರೆಹಣ್ಣು, ಕಬ್ಬಿನ ತುಂಡು, ಚುರಮರಿ, ಬತ್ತಾಸ ಸುರಿಯುತ್ತಾರೆ. ಓಣಿಯ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ಕೂಸಿಗೆ ಚಳಿಗಾಲದ ಬೇನೆ ಬರಬಾರದು ಅಂತ ಮಾಡುವುದು.

“ಆ ಪೆಟಗ್ಯಾಗ ಕುಸುರೆಳ್ಳಿನ ದಾಗೀನ ಇಡೂದು,” ಅಂದಳು. “ಓಲಿ, ಬಳಿ, ಸರ, ಕಿರೀಟ. ಆಕಿ ದೊಡ್ಡಾಕಿ ಆದ ಮ್ಯಾಲೆ ಆಕಿಗೆ ಕೊಡೂದು. ಇದು ನಿಮ್ಮ ಆತ್ಯಾ ಮಾಡಿದ್ದು ಅಂತ ಹೇಳೂದು.”

ಆತ್ಯಾ ಅಂದರೆ ಸೋದರತ್ತೆ, ನಾನು. ಕೂಸಿನ ಕಿವಿಯಲ್ಲಿ ಹೆಸರು ಉಸುರುವವಳೂ ಸೋದರತ್ತೆಯೇ. ನನಗೆ ಮಕ್ಕಳಿಲ್ಲ, ಬೇರೆ ಅಣ್ಣತಮ್ಮಂದಿರೂ ಇಲ್ಲ. ಆ ಅಧಿಕಾರ ಒಂದು ಸಲವಾದರೂ ನನಗೆ ಸಿಗುತ್ತದೆ ಎಂಬ ಆಸೆಯನ್ನು ನಾನು ಬಿಟ್ಟು ಬಹಳ ವರ್ಷವಾಗಿತ್ತು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಮುಚ್ಚಳದ ಮೇಲೆ ಏನು ಬರೆಯಲಿ, ಬದಿಗಳಲ್ಲಿ ಏನು ಬರೆಯಲಿ ಎಂದು ಮನಸ್ಸಿನಲ್ಲೇ ಬರೆಯುತ್ತ ಅಳಿಸುತ್ತ ಬಂದೆ. ಸಾಂಗ್ಲಿಯಲ್ಲಿ ಇಳಿಯುವ ನಿಲ್ದಾಣ ದಾಟಿ ಹೋಗಿಬಿಟ್ಟಿದ್ದೆ.

ನಾತಾಳದ ರಜೆ ಬಂತು. ಮುಂಜಾನೆ ಮಾಳಿಗೆಯ ಬಿಸಿಲಲ್ಲಿ ಚಾಪೆ ಹಾಸಿಕೊಂಡು ಕೂಡುತ್ತಿದ್ದೆ. ಮೊದಲು ಪಾಲಿಶ್ ಪೇಪರಿನಿಂದ ಕಟ್ಟಿಗೆಯನ್ನು ಉಜ್ಜಿ ನುಣುಪು ಮಾಡಿದೆ. ಕೂಸಿನ ಕೈಗೆ ಸಿಬರು ಚುಚ್ಚಬಾರದು ಎಂದು ಮೂಲೆಗಳನ್ನು ಮತ್ತೆ ಮತ್ತೆ ಉಜ್ಜಿದೆ. ಮೊಳೆಯ ತೂತುಗಳನ್ನು ಮುಚ್ಚಿ, ಪ್ರೈಮರ್ ಹಚ್ಚಿ ಒಣಗಿಸಿ, ಅದರ ಮೇಲೆ ಕಪ್ಪು ಬಣ್ಣ ಹಾಕಿದೆ. ವರ್ಷವೆಲ್ಲ ಶುಭಕಾರ್ಯಕ್ಕೆ ಕಪ್ಪು ಬೇಡ ಅನ್ನುವ ಜನ ಸಂಕ್ರಾಂತಿಗೆ ಮಾತ್ರ ಕಪ್ಪು ಸೀರೆ ಉಡುತ್ತಾರೆ. ಕುಸುರೆಳ್ಳಿನ ಬಿಳುಪು ಎದ್ದು ಕಾಣುವುದೂ ಕಪ್ಪಿನ ಮೇಲೆಯೇ.

ಬದಿಗಳಲ್ಲಿ ಒಂದು ಕಡೆ ಕಬ್ಬಿನ ಗರಿ, ಒಂದು ಕಡೆ ಬೋರೆಯ ಟೊಂಗೆ, ಹಿಂದೆ ಗಾಳಿಪಟ, ಮುಂದೆ ಕೊಂಡಿಯ ಎರಡೂ ಪಕ್ಕ ಎಳ್ಳಿನ ಹೂವು ಬರೆದೆ. ಮುಚ್ಚಳದ ಸುತ್ತ ಕುಸುರೆಳ್ಳಿನ ಸರ. ದಪ್ಪ ಬಿಳಿ ಬಣ್ಣದಲ್ಲಿ ಊದಿನಕಡ್ಡಿಯ ಹಿಂದಿನ ತುದಿ ಅದ್ದಿ ಚುಕ್ಕೆ ಇಡುವುದು. ಅದು ಹಸಿಯಿರುವಾಗಲೇ ಸೂಜಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪ ಎಳೆಯುವುದು. ಒಣಗಿದಾಗ ನಿಜವಾದ ಕುಸುರೆಳ್ಳಿನ ಹಾಗೆ ಮುಳ್ಳುಮುಳ್ಳಾಗಿ ಕಾಣುತ್ತದೆ. ಶಾಲೆಯಲ್ಲಿ ಎಂದೂ ಇಷ್ಟು ತಾಳ್ಮೆಯಿಂದ ಕೂತವಳಲ್ಲ ನಾನು.

ನಿಜವಾದ ಕುಸುರೆಳ್ಳನ್ನೂ ನಾನೇ ಮಾಡಿದೆ. ಅವ್ವನ ಪರಾತ, ಅಗಲವಾದ ತಟ್ಟೆ, ಅಟ್ಟದ ಮೇಲಿತ್ತು. ಸಣ್ಣ ಉರಿಯ ಮೇಲೆ ಪರಾತದಲ್ಲಿ ಎಳ್ಳು ಹಾಕಿ, ಚಮಚದಿಂದ ಹನಿ ಹನಿ ಸಕ್ಕರೆ ಪಾಕ ಬಿಟ್ಟು, ಅಂಗೈಯಿಂದ ಆಡಿಸುತ್ತ ಇರಬೇಕು. ಥಂಡಿ ಇದ್ದರೆ ಮಾತ್ರ ಮುಳ್ಳು ಏಳುತ್ತದೆ. ಆ ವರ್ಷ ಕೃಷ್ಣೆಯ ಕಡೆಯಿಂದ ಒಳ್ಳೆಯ ಥಂಡಿ ಬೀಸುತ್ತಿತ್ತು. ಅಂಗೈ ಕೆಂಪಾಗಿ ಉರಿಯುತ್ತಿತ್ತು, ಆದರೆ ಮುಳ್ಳು ಚೆನ್ನಾಗಿ ಎದ್ದವು.

ಪಕ್ಕದ ಮನೆಯ ಕಾಕು ಒಂದು ದಿನ ಹಪ್ಪಳ ಒಣಗಿಸಲು ತಮ್ಮ ಮಾಳಿಗೆಗೆ ಬಂದವರು ಗೋಡೆಯ ಮೇಲಿಂದ ಬಗ್ಗಿ ನೋಡಿದರು. ಮರಾಠಿಯವರು, ನಮ್ಮ ಅವ್ವನ ಗೆಳತಿ; ಕಾಕು ಅಂದರೆ ಚಿಕ್ಕಮ್ಮ. “ಎಷ್ಟು ಚಂದ ಮಾಡೀಯವ್ವ! ಅಂಗಡಿಯೊಳಗೂ ಇಂಥಾದ್ದು ಸಿಗೂದಿಲ್ಲ,” ಎಂದು ಅವರ ಭಾಷೆಯಲ್ಲಿ ಹೊಗಳಿ, ಮುಚ್ಚಳದ ನಡುವೆ ಯಾಕೆ ಖಾಲಿ ಬಿಟ್ಟಿದ್ದೀ ಎಂದು ಕೇಳಿದರು.

“ಅಲ್ಲಿ ಕೂಸಿನ ಹೆಸರು ಬರೀಬೇಕ್ರಿ ಕಾಕು. ಮನೀಗೆ ಬಂದ ಮ್ಯಾಲೆ ತೊಟ್ಟಿಲ ಹಾಕೂದು, ಹೆಸರ ಇಡೂದು, ಆಮ್ಯಾಲೆ ಬರೀತೀನಿ.”

ನಡುವೆ ಒಂದು ದಿನ ಮಗುವನ್ನು ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆದರು. ನನಗೂ ಎತ್ತಿಕೊಳ್ಳಲು ಕೊಟ್ಟರು. ಕೈ ತೊಳೆಸಿ, ಹಸಿರು ಅಂಗಿ ತೊಡಿಸಿ, ಕುರ್ಚಿಯಲ್ಲಿ ಕೂಡಿಸಿ ಕೊಟ್ಟರು. ನನ್ನ ಉಗುರಿನ ಸಂದಿಯಲ್ಲಿ ಕಪ್ಪು ಬಣ್ಣ ಉಳಿದಿತ್ತು. ಸಿಸ್ಟರ್ ಅದನ್ನು ನೋಡಿ ಮತ್ತೊಮ್ಮೆ ತೊಳೆಸಿದ್ದರು. ಮಗು ಕಣ್ಣು ತೆರೆದು ನನ್ನನ್ನು ನೋಡಿತೋ ಇಲ್ಲವೋ ಹೇಳಲಾರೆ. ಬಾಯಿ ಮಾತ್ರ ಏನನ್ನೋ ಚೀಪುವ ಹಾಗೆ ಆಡಿಸುತ್ತಿತ್ತು. ತಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದ. ನಾವು ಮೂವರೂ ಅಷ್ಟು ಸಂತೋಷವಾಗಿ ಇದ್ದದ್ದು ಆ ಸಂಜೆ ಒಂದೇ.

ಸಂಕ್ರಾಂತಿಗೆ ವಾರ ಉಳಿದಿರುವಾಗ ಮಗುವಿನ ರಕ್ತಕ್ಕೆ ನಂಜು ಏರಿತು. ಹಾಗೆ ಹುಟ್ಟಿದ ಕೂಸುಗಳಿಗೆ ಇದು ಆಗುವುದುಂಟು ಎಂದು ಡಾಕ್ಟರು ಹೇಳಿದರು. ಅವರು ಮಾಡುವುದನ್ನೆಲ್ಲ ಮಾಡಿದರು, ಅದನ್ನು ನಾನು ಕಣ್ಣಾರೆ ಕಂಡೆ. ಮಧ್ಯಾಹ್ನ ಮತ್ತೆ ಗಾಜಿನೊಳಗೆ ಹಾಕಿದರು. ಮರುದಿನ ಬೆಳಗ್ಗೆ ನಾನು ಶಾಲೆಯಲ್ಲಿ ಹಾಜರಿ ಹಾಕುತ್ತಿದ್ದಾಗ ತಮ್ಮನ ಫೋನು ಬಂತು. “ಅಕ್ಕಾ” ಅಂದ, ಅಷ್ಟೇ.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತಾರೆ. ತಮ್ಮ ಮಿರಜಿನಿಂದ ಸಾಂಗ್ಲಿಯವರೆಗೆ ಬಾಡಿಗೆಯ ಕಾರಿನಲ್ಲಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಸ್ವಾಮಿಗಳು ಬಂದು ಹಣೆಗೆ ವಿಭೂತಿ ಹಚ್ಚಿದರು. ಹೆಸರು ಕೇಳಿದರು. ಹೆಸರು ಇನ್ನೂ ಇಟ್ಟಿರಲಿಲ್ಲ. ಸ್ವಾಮಿಗಳೇ, “ಆಗಲಿ, ಶಿವನ ಕೂಸು,” ಎಂದು ಮುಂದಿನ ಕೆಲಸ ನಡೆಸಿದರು. ಗಂಡಸರು ಹೋಗಿ ಬೇಗ ತಿರುಗಿ ಬಂದರು. ಅಷ್ಟು ಚಿಕ್ಕದಕ್ಕೆ ಎಷ್ಟು ಹೊತ್ತು ಬೇಕು.

ಅವಳು ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಅಳಲಿಲ್ಲ. ಎದೆಯ ಹಾಲು ನಿಂತಿರಲಿಲ್ಲ. ರವಿಕೆ ಒದ್ದೆಯಾಗುತ್ತಿತ್ತು, ನಾನು ಬದಲಿಸುತ್ತಿದ್ದೆ, ಮತ್ತೆ ಒದ್ದೆಯಾಗುತ್ತಿತ್ತು. ಎದೆಗೆ ಬಟ್ಟೆ ಬಿಗಿದು ಕಟ್ಟಿದೆ. ಬಿಗಿಯುವಾಗ ನೋವಾಗಿ ಅವಳು ಮುಖ ಕಿವುಚಿದಳು. ಅವತ್ತು ಅವಳ ಮುಖದಲ್ಲಿ ನಾನು ಕಂಡ ಭಾವ ಅದೊಂದೇ.

ಸಂಕ್ರಾಂತಿ ಬಂತು, ಹೋಯಿತು. ಓಣಿಯಲ್ಲಿ ಗಾಳಿಪಟ ಹಾರಿದವು. ಕಾಕು ಹಿತ್ತಲಿನಿಂದ ಸದ್ದಿಲ್ಲದೆ ಬಂದು ಅನ್ನ ಸಾರು ಇಟ್ಟು ಹೋದರು. ನಾನು ಮಾಡಿಟ್ಟ ಕುಸುರೆಳ್ಳು ಡಬ್ಬಿಯಲ್ಲೇ ಬೆವೆತು ಗಂಟುಕಟ್ಟಿತು. ಅದನ್ನು ತೆಗೆದು ಚೆಲ್ಲುವ ಧೈರ್ಯ ನನಗಾಗಲಿಲ್ಲ, ತಮ್ಮನೇ ಚೆಲ್ಲಿದ. ಪೆಟ್ಟಿಗೆಯನ್ನೂ ಅವನು ಎತ್ತಿಕೊಂಡು ಹೊರಟಿದ್ದ. ಅವಳು ಬಾಗಿಲಿಗೆ ಅಡ್ಡ ಬಂದಳು.

“ನಕೋ,” ಅಂದಳು. ಬೇಡ.

“ಇಟಗೊಂಡ ಏನ ಮಾಡ್ತೀ?” ತಮ್ಮ ಕೂಗಿದ. ಅವನು ಹೆಂಡತಿಯ ಮೇಲೆ ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. “ದಿನಾ ನೋಡ್ಕೋತ ಕೂಡ್ತೀಯೇನ? ನನಗ ಅದು ಕಣ್ಣಿಗೆ ಬೀಳಬಾರದು!”

ಅವಳು ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ನನ್ನ ಮುಂದೆ ಇಟ್ಟಳು. “ಅಕ್ಕಾರ, ವಾರ್ನಿಶ್ ಆಗಿಲ್ಲಲ್ರಿ. ಪೂರಾ ಮಾಡ್ರಿ.”

ತಮ್ಮ ನನ್ನ ಮುಖ ನೋಡಿದ. ನಾನು ಯಾರ ಮಾತು ಕೇಳಬೇಕಿತ್ತೋ ಗೊತ್ತಿಲ್ಲ. ಅವಳ ಮಾತು ಕೇಳಿದೆ. ಮಾಳಿಗೆಗೆ ಒಯ್ದು ಚಾಪೆ ಹಾಸಿದೆ. ಅವಳೂ ಬಂದು ಪಕ್ಕದಲ್ಲಿ ಕುಳಿತಳು. ಬ್ರಶ್ ಹಿಡಿಯುವ ಮೊದಲು ಮುಚ್ಚಳದ ನಡುವಿನ ಜಾಗ ತೋರಿಸಿ ಕೇಳಿದೆ: “ಇಲ್ಲಿ ಏನ ಬರೀಲಿ? ಒಂದು ಹೂ ಬರೀಲೇನು?”

“ಏನೂ ಬ್ಯಾಡ್ರಿ. ಹಂಗ ಕರಿ ಇರ್ಲಿ.”

ವಾರ್ನಿಶ್ ಹಚ್ಚಿದೆ. ಖಾಲಿ ಜಾಗ ಹೊಳೆಯತೊಡಗಿತು. ಅವಳು ಅದನ್ನೇ ನೋಡುತ್ತ ಬಿಸಿಲು ಏರುವವರೆಗೂ ಕುಳಿತಿದ್ದಳು. ಆಮೇಲೆ ಮಗುವಿನ ಆಸ್ಪತ್ರೆಯ ಟೊಪ್ಪಿಗೆಯೊಂದನ್ನು ಅದರಲ್ಲಿ ಹಾಕಿ, ಪೆಟ್ಟಿಗೆಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದಳು.

ಆ ವರ್ಷ ಮನೆ ಹೇಗೆ ನಡೆಯಿತು ಎಂದು ಬರೆಯಲು ಹೆಚ್ಚೇನಿಲ್ಲ. ಮತ್ತೆ ಬಸಿರಾದರೆ ಅವಳ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದರು. ಅದನ್ನು ಕೇಳಿ ಬಂದ ದಿನದಿಂದ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದು ನಿಂತಿತು. ಜಗಳವಲ್ಲ. ಜಗಳವಾಗಿದ್ದರೆ ನಡುವೆ ಹೋಗಿ ಬಿಡಿಸಬಹುದಿತ್ತು. “ಉಪ್ಪು ಕೊಡು”, “ಬಾಗಿಲು ಹಾಕು” ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಅವನು ಅಂಗಡಿಯಲ್ಲೇ ಊಟ ತರಿಸಿಕೊಳ್ಳತೊಡಗಿದ. ಅವಳು ನಾನು ಕೇಳಿದರೆ ಮಾತ್ರ ಉತ್ತರಿಸುತ್ತಿದ್ದಳು, ಅದೂ ಮರಾಠಿಯಲ್ಲಿ. ಸಮಡೋಳಿಯಿಂದ ಅವಳ ತಂದೆ ಬಂದು ಸ್ವಲ್ಪ ದಿನ ತವರಿಗೆ ಬಾ ಅಂದರು. ಹೋದಳು, ಎರಡು ದಿನಕ್ಕೇ ತಿರುಗಿ ಬಂದಳು. ಅಲ್ಲಿ ಅಣ್ಣನ ಮಕ್ಕಳು ಇದ್ದಾರೆ ಎಂದಷ್ಟೇ ಹೇಳಿದಳು.

ಮುಂದಿನ ಚಳಿಗಾಲದ ಹೊತ್ತಿಗೆ ಪಕ್ಕದ ಮನೆಯ ಕಾಕುಗೆ ಮೊಮ್ಮಗ ಹುಟ್ಟಿ ಆರೇಳು ತಿಂಗಳಾಗಿತ್ತು. ದುಂಡುದುಂಡಾದ ಕೂಸು, ಯಾರು ಕರೆದರೂ ಹೋಗುವಂಥದ್ದು. ಕಾಕು ಅದನ್ನು ನಮ್ಮ ಮನೆಗೆ ಕರೆತರುತ್ತಿರಲಿಲ್ಲ. ನಮಗೆ ನೋವಾದೀತು ಎಂದೋ ಏನೋ. ಆದರೆ ಅದು ಗೋಡೆಯಾಚೆ ನಗುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ನಾನು ಓರೆಗಣ್ಣಿನಿಂದ ನೋಡುತ್ತಿದ್ದೆ. ಅವಳು ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು.

ಸಂಕ್ರಾಂತಿಗೆ ಕೆಲವು ದಿನ ಇರುವಾಗ ಕಾಕು ಮತ್ತು ಅವರ ಸೊಸೆ ಬೋರನ್ಹಾಣಕ್ಕೆ ಕರೆಯಲು ಬಂದರು. ಕಾಕು ಬಾಗಿಲಲ್ಲೇ ನಿಂತು, ತಡವರಿಸುತ್ತ, “ಬರೂದಾದ್ರ ಬರ್ರಿ, ನಮ್ಮದೇನೂ ಒತ್ತಾಯ ಇಲ್ಲ,” ಅಂದರು. ಅವರನ್ನು ಒಳಗೆ ಕರೆದು ಕೂಡಿಸಿದವಳು ತಮ್ಮನ ಹೆಂಡತಿ. ಒಳಗೆ ಹೋಗಿ ಪೆಟ್ಟಿಗೆ ತಂದಳು. ಟೊಪ್ಪಿಗೆ ಅದರಲ್ಲಿರಲಿಲ್ಲ, ಯಾವಾಗ ತೆಗೆದಿದ್ದಳೋ.

“ಕಾಕು, ಇದರಾಗ ದಾಗೀನ ಇಡ್ರಿ,” ಅಂದಳು. ಅದೂ ಕನ್ನಡದಲ್ಲಿ, ಗಾಬರಿಯಲ್ಲಿ ಎದುರಿಗಿರುವವರ ಭಾಷೆ ಯಾವುದು ಎಂಬುದನ್ನೇ ಮರೆತಿದ್ದಳು. ಮತ್ತೆ ಮರಾಠಿಯಲ್ಲಿ ಹೇಳಿದಳು. “ಸುಮ್ಮನ ಕಪಾಟಿನ್ಯಾಗ ಇರೂದಕ್ಕಿಂತ ಒಂದು ಕೂಸಿನ ಕೆಲಸಕ್ಕ ಬರ್ಲಿ. ಅಕ್ಕಾರು ಹೆಸರ ಬರದು ಕೊಡ್ತಾರ.”

ಸೊಸೆ ಚಿಕ್ಕವಳು, ಆ ಪೆಟ್ಟಿಗೆ ಯಾರಿಗೆಂದು ಮಾಡಿದ್ದು ಎಂಬುದು ಅವಳಿಗೆ ಗೊತ್ತಿರಲಿಲ್ಲ. “ಅಯ್ಯ, ಎಷ್ಟು ಸುಂದರ!” ಎಂದು ಎರಡೂ ಕೈಯಿಂದ ತೆಗೆದುಕೊಂಡಳು. ಕಾಕು ಪೆಟ್ಟಿಗೆ ನೋಡಿ, ತಮ್ಮನ ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಒಂದು ವರ್ಷದ ಮೇಲೆ ಮೊದಲ ಸಲ ಏನೋ ಒಂದು ಆಸೆ ಇತ್ತು. ಅದನ್ನು ನೋಡಿದವರು ಯಾರೂ ಬೇಡ ಅನ್ನಲಾರರು. ನಾನೂ ಅನ್ನಲಿಲ್ಲ.

ಅವತ್ತು ಸಂಜೆಯೇ ಮುಚ್ಚಳದ ನಡುವಿನ ಕಪ್ಪು ಜಾಗದಲ್ಲಿ ಆ ಕೂಸಿನ ಹೆಸರನ್ನು ಕುಸುರೆಳ್ಳಿನ ಚುಕ್ಕೆಗಳಲ್ಲಿ ಬರೆದೆ. ಅವಳು ಪಕ್ಕದಲ್ಲಿ ಕುಳಿತು ಊದಿನಕಡ್ಡಿ ಅದ್ದಿ ಅದ್ದಿ ಕೊಟ್ಟಳು. ಕೊನೆಯ ಅಕ್ಷರದ ಚುಕ್ಕೆಗಳನ್ನು ಅವಳೇ ಇಟ್ಟಳು. ಒಂದು ಚುಕ್ಕೆ ಸಾಲು ಬಿಟ್ಟು ಆಚೆ ಬಿತ್ತು. “ಇರ್ಲಿ, ಕೂಸು ಆಡಿ ಬಿದ್ದಂಗ ಐತಿ,” ಅಂದಳು, ನಕ್ಕಳು. ಅಂಗಡಿಯಿಂದ ಬಂದ ತಮ್ಮ ಹೊಸ್ತಿಲಲ್ಲಿ ನಿಂತು ಆ ನಗು ಕೇಳಿದ. ಕೈಕಾಲು ತೊಳೆದು, ಎಷ್ಟೋ ದಿನದ ಮೇಲೆ ನಮ್ಮ ಜೊತೆ ಕುಳಿತು ಉಂಡ.

ಬೋರನ್ಹಾಣದ ದಿನ ಅವಳು ಕಪ್ಪು ಸೀರೆ ಉಟ್ಟಳು. ನಾವು ಹೋಗುವ ಹೊತ್ತಿಗೆ ಪಕ್ಕದ ಮನೆಯ ಪಡಸಾಲೆ ಹೆಂಗಸರಿಂದ, ಮಕ್ಕಳಿಂದ ತುಂಬಿತ್ತು. ಕೂಸನ್ನು ಮಣೆಯ ಮೇಲೆ ಕೂಡಿಸಿದ್ದರು. ಕೊರಳಿಗೆ ಕುಸುರೆಳ್ಳಿನ ಸರ, ತಲೆಗೆ ಕಿರೀಟ. ಉಳಿದ ಆಭರಣಗಳು ಸ್ಟೀಲಿನ ತಾಟಿನಲ್ಲಿದ್ದವು. ಅವಳು ಕಣ್ಣಿನಿಂದಲೇ ಪೆಟ್ಟಿಗೆ ಹುಡುಕಿದಳು. ನಾನೂ ಹುಡುಕಿದೆ. ಎಲ್ಲಿಯೂ ಕಾಣಲಿಲ್ಲ.

ಕಾಕುನ ನಾದಿನಿ, ಪುಣೆಯಿಂದ ಬಂದಿದ್ದ ಹಿರಿಯ ಹೆಂಗಸು, ಒಬ್ಬೊಬ್ಬರನ್ನೇ ಕರೆದು ಕೂಸಿನ ತಲೆಯ ಮೇಲೆ ಬೋರೆಹಣ್ಣು ಸುರಿಯಲು ಹೇಳುತ್ತಿದ್ದರು. ನಮ್ಮ ಓಣಿಯ ಎಲ್ಲ ಸೊಸೆಯರನ್ನೂ ಕರೆದರು. ನಮ್ಮ ಹತ್ತಿರ ಬಂದಾಗ ಅವರ ಕಣ್ಣು ನಮ್ಮನ್ನು ದಾಟಿ ಹಿಂದಿನ ಸಾಲಿಗೆ ಹೋಯಿತು. ತಮ್ಮನ ಹೆಂಡತಿ ಅಷ್ಟರಲ್ಲಿ ಅರ್ಧ ಎದ್ದಿದ್ದಳು. ಸೆರಗು ಸರಿಪಡಿಸಿಕೊಳ್ಳುವವಳ ಹಾಗೆ ಮಾಡಿ ಮತ್ತೆ ಕುಳಿತಳು. ಚುರಮರಿ ಬತ್ತಾಸ ನಮ್ಮ ಕಾಲಿನವರೆಗೂ ಉರುಳಿ ಬಂದವು. ಒಬ್ಬ ಚಿಕ್ಕ ಹುಡುಗಿ ಅವಳ ಸೀರೆಯ ನಿರಿಗೆಯಿಂದ ಒಂದು ಬತ್ತಾಸ ಹೆಕ್ಕಿಕೊಂಡು ಓಡಿದಳು. ಎಲ್ಲ ಮುಗಿಯುವವರೆಗೂ ನಾವು ಕುಳಿತಿದ್ದೆವು. ನಡುವೆ ಎದ್ದು ಬಂದರೆ ಜನ ಮಾತಾಡುತ್ತಾರೆ ಎಂದು ಅವಳೇ ನನ್ನ ಮೊಣಕಾಲು ಅದುಮಿ ಹಿಡಿದಿದ್ದಳು.

ಮರುದಿನ ಬೆಳಗ್ಗೆ ಕಾಕು ಒಬ್ಬರೇ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಮುಖ ಎತ್ತಲಿಲ್ಲ. ಚೀಲವನ್ನು ನನ್ನ ಕೈಗೆ ಕೊಟ್ಟು ಮರಾಠಿಯಲ್ಲಿ, “ನನ್ನ ಮನಸ್ಸಿನಾಗ ಏನೂ ಇಲ್ಲ ಮಗಳ. ನಾದಿನಿ ಬಂದು ಇದು ಯಾರದು ಅಂತ ಕೇಳಿದ್ಲು. ನಾ ಸುಳ್ಳ ಹೇಳಲಿಲ್ಲ. ಸತ್ತ ಕೂಸಿನ ಪೆಟಗಿ ಮ್ಯಾಲೆ ನಮ್ಮ ಹುಡುಗನ ಹೆಸರ ಬರಿಸೀಯಲ್ಲ ಅಂತ ಮನೀ ತುಂಬ ಗದ್ಲ ಮಾಡಿದ್ಲು. ಸೊಸಿ ಅತ್ಲು. ನಾ ಏನ ಮಾಡ್ಲಿ?” ಅಂದರು.

ನಾನು ಪೆಟ್ಟಿಗೆ ತೆಗೆದು ನೋಡಿದೆ. ಹೆಸರನ್ನು ಥಿನ್ನರ್ ಹಾಕಿ ಉಜ್ಜಿ ತೆಗೆದಿದ್ದರು. ಅದರ ಜೊತೆ ಕೆಳಗಿನ ಕಪ್ಪೂ ಕಿತ್ತು, ಮುಚ್ಚಳದ ನಡುವೆ ಬೂದುಬಣ್ಣದ ಒಂದು ದೊಡ್ಡ ಕಲೆ. ಸುತ್ತಲಿನ ಸರ ಹಾಗೇ ಇತ್ತು. ಸಿಟ್ಟು ಬಂತು. ಆದರೆ ಯಾರ ಮೇಲೆ? ಆರೋಗ್ಯವಾಗಿರುವ ಕೂಸಿನ ಅಜ್ಜಿ ಹೆದರಿದ್ದಕ್ಕೆ ಸಿಟ್ಟಾಗಲು ನನ್ನಿಂದ ಆಗಲಿಲ್ಲ. ನಮ್ಮ ಕೂಸು ಬದುಕಿದ್ದು, ಯಾರಾದರೂ ಅಂಥ ಪೆಟ್ಟಿಗೆ ತಂದುಕೊಟ್ಟಿದ್ದರೆ ನಾನೂ ಹೆದರುತ್ತಿದ್ದೆನೇನೋ. ಹಾಗೆ ಅನ್ನಿಸಿದ ಮೇಲೆ ನನಗೆ ನಿಲ್ಲಲು ಜಾಗವೇ ಇಲ್ಲದ ಹಾಗಾಯಿತು.

ತಮ್ಮನ ಹೆಂಡತಿ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಬರ್ರಿ ಕಾಕು, ಕುಂದ್ರಿ. ಚಹಾ ಮಾಡ್ತೀನಿ,” ಅಂದಳು.

ಕಾಕು ಕುಳಿತರು. ಅವಳು ಹಸಿಶುಂಠಿ ಜಜ್ಜಿ ಹಾಕಿ ಚಹಾ ಮಾಡಿದಳು, ತಟ್ಟೆಯಲ್ಲಿ ಎರಡು ಬಿಸ್ಕೀಟು ಇಟ್ಟು ತಂದುಕೊಟ್ಟಳು. ಕೂಸಿಗೆ ಥಂಡಿ ಗಿಂಡಿ ಆಗಲಿಲ್ಲವಲ್ಲ ಎಂದು ಕೇಳಿದಳು. ಕಾಕು ಇಲ್ಲ ಅಂದರು. ಚಹಾ ಕುಡಿಯುವಾಗ ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅವಳ ಕಣ್ಣಿನಲ್ಲಿ ಏನೂ ಇರಲಿಲ್ಲ.

ಕಾಕು ಹೋದ ಮೇಲೆ ನಾನು, “ಕೊಡು, ಮತ್ತ ಕರಿ ಬಣ್ಣ ಹಚ್ಚಿ ಸರಿ ಮಾಡ್ತೀನಿ,” ಅಂದೆ.

“ಯಾಕ್ರಿ ಅಕ್ಕಾರ? ಯಾರ ನೋಡಬೇಕ?” ಅಂದಳು. ಕಪಾಟು ತೆರೆದು, ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿದ್ದ ಸೂಜಿ, ದಾರದ ಉಂಡೆ, ಹುಕ್ಕು, ಗುಂಡಿಗಳನ್ನೆಲ್ಲ ಪೆಟ್ಟಿಗೆಗೆ ಸುರಿದಳು. ಗುಂಡಿಗಳು ಕಟ್ಟಿಗೆಯ ಮೇಲೆ ಬಿದ್ದು ಸದ್ದು ಮಾಡಿದವು. ಮುಚ್ಚಳ ಹಾಕಿ, ಎಲ್ಲರಿಗೂ ಕೈಗೆ ಸಿಗುವ ಹಾಗೆ ಪಡಸಾಲೆಯ ಕಿಟಕಿಯಲ್ಲಿಟ್ಟಳು. ಆಮೇಲೆ ಪಾತ್ರೆ ತಿಕ್ಕಲು ಹೋದಳು.

ಅವಳು ಅವತ್ತಾದರೂ ಅಳುತ್ತಾಳೆ ಎಂದು ನಾನು ಕಾದೆ. ಮರುದಿನವೂ ಕಾದೆ. ಅವಳು ಅಳಲಿಲ್ಲ, ಆ ವಿಷಯ ಮತ್ತೆ ಎತ್ತಲೂ ಇಲ್ಲ. ಹೆಸರಿನ ಚುಕ್ಕೆ ಇಟ್ಟ ಸಂಜೆ ಕಂಡ ನಗು ಮತ್ತೆ ಕಾಣಲಿಲ್ಲ. ಆಮೇಲಿನ ಚಳಿಗಾಲಗಳಲ್ಲಿ ಶಾಲೆಯ ಮಕ್ಕಳಿಂದ ಡಬ್ಬಿಗೆ ಬಣ್ಣ ಹಚ್ಚಿಸುವುದನ್ನು ನಾನು ಬಿಟ್ಟಿದ್ದೇನೆ. ಕೇಳಿದರೆ, ಕೈ ನೋಯುತ್ತದೆ ಅನ್ನುತ್ತೇನೆ. ಕಾಕುನ ಮೊಮ್ಮಗ ಈಗ ಓಡಾಡುತ್ತಾನೆ, ಗೋಡೆಯಾಚೆಯಿಂದ ನಮ್ಮ ಮಾಳಿಗೆಗೆ ಚೆಂಡು ಎಸೆಯುತ್ತಾನೆ. ಅವಳು ಅದನ್ನು ಹೆಕ್ಕಿ ತಿರುಗಿ ಕೊಡುತ್ತಾಳೆ. ಮಾತಾಡಿಸುವುದಿಲ್ಲ.

ಪೆಟ್ಟಿಗೆಯನ್ನು ದಿನಕ್ಕೊಮ್ಮೆಯಾದರೂ ಯಾರಾದರೊಬ್ಬರು ತೆರೆಯುತ್ತೇವೆ. ನಾನು ರವಿಕೆಯ ಹುಕ್ಕಿಗೆ, ಅವಳು ದಿಂಬಿನ ಚೀಲ ಹೊಲಿಯಲು. ತಮ್ಮ ಮಾತ್ರ ಅದನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ಅವನ ಅಂಗಿಯ ಗುಂಡಿ ಬಿದ್ದರೆ ಮನೆಯಲ್ಲಿ ಹೇಳುವುದಿಲ್ಲ. ಅಂಗಡಿಯ ಎದುರಿನ ದರ್ಜಿಯ ಹತ್ತಿರ ಹೋಗಿ, ಬನಿಯನ್ನಿನಲ್ಲಿ ಕುಳಿತು, ಹಾಕಿಸಿಕೊಂಡು ಬರುತ್ತಾನೆ.